ಐದೂವರೆಗೆ ಬಿಡುತ್ತೆ

ಬಾಯಿಂದ ಹೊರಟ ಮಾತು ಎಲ್ಲಿಗೆ ಹೋಗುತ್ತದೆ, ಯಾರ ಹೊಸ್ತಿಲಲ್ಲಿ ಕಾಲು ಚಾಚಿ ಕೂರುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಲೋಕದಲ್ಲಿ ಅರ್ಧ ಜನ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಕೆಲವರ ಕಿವಿಗೆ ಬಿದ್ದ ಮಾತು ಹತ್ತಿಯ ಎಳೆಯಂತೆ ಹಾರಿಹೋಗುತ್ತದೆ. ಕೆಲವರ ಕಿವಿಗೆ ಬಿದ್ದದ್ದು ಗುಂಡುಕಲ್ಲಿನಂತೆ ಬಿದ್ದಲ್ಲೇ ಬೀಡುಬಿಡುತ್ತದೆ. ಹತ್ತಿ ಹಾರಿಸುವ ಒಬ್ಬನೂ ಕಲ್ಲು ಕಾಯುವ ಒಬ್ಬಳೂ ಒಂದು ಶನಿವಾರ ಕೈಕೈ ಹಿಡಿದು ಐಸ್ ಆಡಲು ಹೊರಟರು. ಆ ಶನಿವಾರದ ಕತೆ ಇದು.

ಹತ್ತಿ ಹಾರಿಸುವವನು ಮಾಮ. ಏಳನೇ ನಂಬರಿನ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷದಿಂದ ಅದೇ ದಾರಿ, ಅದೇ ತಿರುವು. ಬಸ್ಸು ಎಷ್ಟು ನೇರವಾಗಿ ಓಡುತ್ತಿತ್ತೋ ಅವನ ಮಾತು ಅಷ್ಟೇ ಸುತ್ತು ಬಳಸಿ ಓಡುತ್ತಿತ್ತು. ಹಸಿವಾಯಿತು ಎಂದು ಹೇಳಲು ಹೊಟ್ಟೆಯ ಕೈಯಲ್ಲಿ ತಾಳ ಹಾಕಿಸುವನು. ಬೇಡ ಎಂದು ಹೇಳಲು ದೂರದಿಂದಲೇ ಕೈ ಮುಗಿಯುವನು. ದಿನಕ್ಕೆ ಹತ್ತು ಗಾದೆ ಆಡದಿದ್ದರೆ ಅವನಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಕಲ್ಲು ಕಾಯುವವಳು ಅವನ ಅಕ್ಕನ ಮಗಳು, ಒಂಬತ್ತು ವರ್ಷದವಳು. ಅಕ್ಕನದು ಬಟ್ಟೆ ಹೊಲಿಯುವ ಕೆಲಸ. ಮಗಳು ನಾಲ್ಕು ವರ್ಷದವಳಿದ್ದಾಗಲೇ ಡಬ್ಬಿಯ ಗುಂಡಿಗಳನ್ನು ಸುರಿದುಕೊಂಡು ಬಣ್ಣಕ್ಕೊಂದು ಸಾಲು ಮಾಡುತ್ತ ಕೂರುತ್ತಿದ್ದಳೆಂದು ಮನೆಯವರೆಲ್ಲ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಹೊಸಬರು ಯಾರಾದರೂ ಹೆಸರು ಕೇಳಿದರೆ ಅವಳು, "ಗುಂಡಿ. ಅಂಗಿಯದು. ರಸ್ತೆಯದಲ್ಲ," ಎಂದು ಮೊದಲೇ ಬಗೆಹರಿಸಿಬಿಡುತ್ತಿದ್ದಳು.

ಡಾಕ್ಟರು ಅವಳಿಗಿರುವುದು ಆಟಿಸಂ ಎಂದು ಹೇಳಿ ಐದು ವರ್ಷವಾಗಿತ್ತು. ಆ ಹೆಸರಿನಿಂದ ಮಾಮನಿಗೆ ತಿಳಿದದ್ದು ಮೂರೇ ಸಂಗತಿ. ಗುಂಡಿಗೆ ದೊಡ್ಡ ಸದ್ದು ಆಗದು. ಹೇಳದೆ ಕೇಳದೆ ಏನಾದರೂ ಬದಲಾದರೆ ಆಗದು. ಮತ್ತು ಅವಳೆದುರು ಆಡಿದ ಮಾತಿಗೆ ಒಂದೇ ಅರ್ಥ. ಆ ಅರ್ಥ ಮಾಮನದಾಗಿರುವುದು ಅಪರೂಪ. ‘ತಲೆ ತಿನ್ನಬೇಡ ಕಣೇ’ ಎಂದು ಅವನು ಒಮ್ಮೆ ಹೇಳಿದ್ದಕ್ಕೆ ಅವಳು ಮಧ್ಯಾಹ್ನವಿಡೀ ತಟ್ಟೆ ಮುಟ್ಟಿರಲಿಲ್ಲ. ತಟ್ಟೆಯಲ್ಲಿರುವುದು ಯಾರ ತಲೆ ಎಂದು ಯಾರೂ ಹೇಳಲಿಲ್ಲವಂತೆ.

ಆ ವರ್ಷ ಚಳಿ ಶುರುವಾದಂದಿನಿಂದ ಗುಂಡಿಗೆ ಐಸಿನ ಹುಚ್ಚು ಹಿಡಿದಿತ್ತು. ಹೊಲಿಗೆ ಕೋಣೆಯ ನುಣುಪು ನೆಲದ ಮೇಲೆ, ಕೋಟಿನ ಒಳಪದರಕ್ಕೆ ಹಾಕುವ ರೇಷ್ಮೆಯಂಥ ಬಟ್ಟೆಯ ಎರಡು ಚೂರುಗಳನ್ನು ಕಾಲಡಿಗೆ ಇಟ್ಟುಕೊಂಡು ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಜಾರುವಳು. ಏನಮ್ಮಾ ಇದು ಎಂದರೆ "ಐಸ್" ಎನ್ನುವಳು. ಊರಿನ ಐಸ್ ಹಾಲ್‌ನವರು ಇಂಥ ಮಕ್ಕಳಿರುವ ಮನೆಯವರಿಗೆಂದೇ ಚಳಿಗಾಲದ ಶನಿವಾರಗಳಲ್ಲಿ ನಾಲ್ಕರಿಂದ ಐದರವರೆಗೆ ಒಂದು ‘ಸದ್ದಿಲ್ಲದ ಗಂಟೆ’ ಇಟ್ಟಿದ್ದಾರೆ ಎಂದು ಅಕ್ಕನಿಗೆ ಗಿರಾಕಿಯೊಬ್ಬರಿಂದ ಗೊತ್ತಾಯಿತು. ಹಾಡಿಲ್ಲ, ಮೈಕಿಲ್ಲ, ಕಣ್ಣು ಕುಕ್ಕುವ ದೀಪವಿಲ್ಲ, ನೂಕುನುಗ್ಗಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು ಅಕ್ಕನಿಗೆ. ಆದರೆ ಮೊದಲನೇ ವಾರ ಗುಂಡಿ ಹಾಲ್‌ನ ಬಾಗಿಲವರೆಗೆ ಹೋಗಿ ವಾಪಸು ಬಂದಳು. ಎರಡನೇ ವಾರ ಒಳಗೆ ಹೋದಳು, ಬೆಂಚಿನ ಮೇಲೆ ಕೂತಳು, ಗಂಟೆ ಮುಗಿಯುವವರೆಗೂ ಕೂತೇ ಇದ್ದಳು. ಎರಡು ಸಲವೂ ಮನೆಗೆ ಬಂದ ಮೇಲೆ ಅಕ್ಕ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆದಳು. ಅವಳು ಅಳುವ ಕ್ರಮ ಅದು. ಭಾವ ಹಡಗಿನ ಕೆಲಸದವನು, ಆರು ತಿಂಗಳಿಗೊಮ್ಮೆ ಮನೆ ಕಾಣುವವನು. ಹೀಗಾಗಿ ಆ ನಲ್ಲಿಯ ಸದ್ದಿನ ಅರ್ಥ ಗೊತ್ತಿದ್ದದ್ದು ಮೇಲಿನ ಮಹಡಿಯಲ್ಲಿರುವ ಮಾಮನಿಗೆ ಮಾತ್ರ.

ಮೂರನೇ ವಾರ ಅಕ್ಕ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು.

"ನಾನು ಕರ್ಕೊಂಡು ಹೋಗ್ತೀನಿ," ಎಂದ ಮಾಮ. "ಶನಿವಾರ ನನಗೆ ರಜ."

ಅಕ್ಕ ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದ ಕಾಲನ್ನೂ ತಮ್ಮನನ್ನೂ ಒಂದೊಂದು ಸಲ ನೋಡಿದಳು. ಎರಡರ ಮೇಲೂ ಅವಳಿಗೆ ಅಷ್ಟಾಗಿ ಭರವಸೆ ಇದ್ದಂತಿರಲಿಲ್ಲ.

"ನೀನಾ? ನೀನು ಬಾಯಿ ತೆಗೆದ್ರೆ ಅವಳು ಮೂರು ದಿನ ಅರ್ಥ ಹುಡುಕ್ತಾಳೆ."

"ಗಾದೆ ಹೇಳಲ್ಲ. ಆಣೆ."

"ಗಾದೆ ಹೇಳದೆ ನೀನು ಬದುಕ್ತೀಯಾ?"

"ಮೂಗು ಹಿಡ್ಕೊಂಡು ನೀರಲ್ಲಿ ಮುಳುಗಿದ ಹಾಗೆ. ಒಂದು ಗಂಟೆ ತಾನೇ?"

"ನೋಡು, ಶುರುವಾಯ್ತು." ಅಕ್ಕ ದನಿ ತಗ್ಗಿಸಿದಳು. "ಕೇಳು ಇಲ್ಲಿ. ಇದೇ ಕೊನೇದು. ಈ ಸಲವೂ ಅವಳು ಐಸ್ ಮೇಲೆ ಕಾಲಿಡಲಿಲ್ಲ ಅಂದ್ರೆ ಇನ್ನು ಕಳಿಸಲ್ಲ. ಆಸೆ ಅವಳದೋ ನಂದೋ ಅಂತಲೇ ನನಗೆ ಗೊತ್ತಾಗ್ತಿಲ್ಲ ಕಣೋ. ಸುಮ್ಮನೆ ಮಗೂನ ಹಿಂಸೆ ಮಾಡ್ತಿದೀನೇನೋ. ಮನೇಲಿ ಜಾರ್ಕೊಂಡು ಇರಲಿ ಬಿಡು."

 ಮಾಮನ ಬಾಯಿಗೆ ಬಂದ ನಾಲ್ಕು ಮಾತೂ ಗಾದೆಗಳೇ ಆಗಿದ್ದವು, ತಡೆದುಕೊಂಡ.

ಶನಿವಾರ ಅಕ್ಕ ಬಟ್ಟೆ ಕತ್ತರಿಸುವ ಅಳತೆಯ ಕಾಗದದ ಮೇಲೆ ಐದು ಚೌಕ ಎಳೆದು ಐದು ಚಿತ್ರ ಬರೆದುಕೊಟ್ಟಳು: ಬಸ್ಸು, ಬಾಗಿಲು, ಬೂಟು, ಐಸು, ಮನೆ. ಗುಂಡಿ ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗಿಟ್ಟುಕೊಂಡಳು. ಹೊಸ್ತಿಲು ದಾಟುವಾಗ ಮಾಮ ಅವಳ ಟೋಪಿ ಸರಿಮಾಡುತ್ತ, ಬಹಳ ಎಚ್ಚರಿಕೆಯಿಂದ, ಒಂದೇ ಒಂದು ಗಾದೆಯೂ ನುಸುಳದಂತೆ ನೋಡಿಕೊಂಡು, ಧೈರ್ಯದ ಎರಡು ಮಾತು ಹೇಳಿದ.

"ಹೆದರ್ಕೋಬಾರದು, ಆಯ್ತಾ? ಮೈಚಳಿ ಬಿಟ್ಟು ಆಡಬೇಕು."

"ಆಯ್ತು," ಎಂದಳು ಗುಂಡಿ.

ಇಷ್ಟು ಚೆನ್ನಾಗಿ ಒಪ್ಪಿಕೊಂಡಳಲ್ಲ ಎಂದು ಮಾಮನಿಗೆ ಹೆಮ್ಮೆಯಾಯಿತು.

ಆ ದಿನ ಏಳನೇ ನಂಬರು ಓಡಿಸುತ್ತಿದ್ದವನು ಮಾಮನ ಜೊತೆಯ ಡ್ರೈವರು. ಕನ್ನಡಿಯಲ್ಲೇ ನೋಡಿ ನಕ್ಕ. "ಏನಣ್ಣಾ, ಸಾಹೇಬ್ರು ಇವತ್ತು ಹಿಂದಿನ ಸೀಟು?"

"ಅಡುಗೆಯವನು ಬೇರೆಯವರ ಮನೆ ಊಟಕ್ಕೆ ಹೋದ ಹಾಗಾಗಿದೆ ಕಣೋ. ಎಲ್ಲದರಲ್ಲೂ ಉಪ್ಪು ಹೆಚ್ಚು ಅನ್ನಿಸ್ತಿದೆ."

"ಎಲ್ಲಿದೆ ಉಪ್ಪು?" ಎಂದಳು ಗುಂಡಿ.

ಮಾಮ ನಾಲಗೆ ಕಚ್ಚಿಕೊಂಡ. ಇಳಿಯುವಾಗ ಆ ಡ್ರೈವರು ಕೂಗಿ ಹೇಳಿದ: "ವಾಪಸು ಬರೋವಾಗ ಇಲ್ಲಿಂದಲೇ ಹತ್ತಣ್ಣಾ, ಐದೂವರೆಗೆ ಬಿಡ್ತೀನಿ." ಗುಂಡಿ ಆಗ ಹಾಲ್‌ನ ಬಾಗಿಲು ನೋಡುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ.

ಐಸ್ ಹಾಲ್ ಎಂದರೆ ಮಾಮ ಕಂಡಿದ್ದ ಯಾವ ಕಟ್ಟಡವನ್ನೂ ಹೋಲುತ್ತಿರಲಿಲ್ಲ. ಕಾಲಡಿಗೆ ಕಪ್ಪು ರಬ್ಬರಿನ ನೆಲ, ನಡೆದರೆ ಸದ್ದೇ ಬಾರದು. ಒದ್ದೆ ಉಣ್ಣೆಯ ಮತ್ತು ತಣ್ಣಗಿನ ಕಬ್ಬಿಣದ ವಾಸನೆ. ಎತ್ತರದ ಚಾವಣಿಯಲ್ಲಿ ಮೂರು ದೀಪಕ್ಕೆ ಒಂದು ಮಾತ್ರ ಉರಿಯುತ್ತಿತ್ತು. ಆ ಮಬ್ಬಿನಲ್ಲಿ ಸೊಂಟದೆತ್ತರದ ಕಟಾಂಜನದಾಚೆ ಐಸಿನ ಅಂಗಳ ಯಾರೋ ಹೆಪ್ಪು ಹಾಕಿಟ್ಟು ಮರೆತ ಕೆರೆಯಂತೆ ಬೆಳ್ಳಗೆ ಮಲಗಿತ್ತು. ಏಳೆಂಟು ಮಕ್ಕಳು ಅದರ ಮೇಲೆ ತಮ್ಮ ತಮ್ಮ ರೀತಿಯಲ್ಲಿದ್ದರು. ಒಬ್ಬ ಹುಡುಗ ಕಟಾಂಜನ ಹಿಡಿದು ಒಂದೇ ಜಾಗದಲ್ಲಿ ಹಿಂದೆ ಮುಂದೆ ತೂಗುತ್ತಿದ್ದ. ಇಬ್ಬರು ಅವಳಿಗಳು ಅಪ್ಪನ ಕೋಟಿನ ಬಾಲ ಹಿಡಿದು ರೈಲಾಗಿದ್ದರು. ಒಬ್ಬಳು ಐಸಿನ ಮೇಲೆ ಕವುಚಿ ಮಲಗಿ ಕಿವಿಯಿಟ್ಟು ಏನನ್ನೋ ಕೇಳುತ್ತಿದ್ದಳು, ಅವಳನ್ನು ಏಳು ಎಂದವರಿಲ್ಲ.

ಹಸಿರು ಕೋಟಿನ ಮೇಡಂ ಒಬ್ಬರು ಬಂದು ಪಿಸುದನಿಯಲ್ಲಿ ನಿಯಮ ಹೇಳಿದರು. ಇಲ್ಲಿ ಚಪ್ಪಾಳೆ ತಟ್ಟುವಂತಿಲ್ಲ, ಖುಷಿಯಾದರೆ ಎರಡೂ ಕೈ ಮೇಲೆತ್ತಿ ಬೆರಳಾಡಿಸಬೇಕು. ‘ಶಾಬಾಷ್’ ಎಂದು ಕೂಗುವಂತಿಲ್ಲ. ಸಾಕೆನಿಸಿದರೆ ಮೂಲೆಯಲ್ಲಿ ಬಟ್ಟೆಯ ಗುಡಾರವಿದೆ, ಒಳಗೆ ದಿಂಬುಗಳಿವೆ; ಯಾರು ಬೇಕಾದರೂ ಹೋಗಿ ಕೂರಬಹುದು.

"ದೊಡ್ಡೋರೂ ಹೋಗಬಹುದಾ?" ಎಂದು ಕೇಳಿದ ಮಾಮ. ತಮಾಷೆಗೆ ಕೇಳಿದ್ದಲ್ಲ.

"ಹೋಗ್ತಾರೆ," ಎಂದರು ಮೇಡಂ.

ಇಲ್ಲಿಯವರೆಗೆ ಎಲ್ಲ ಅಕ್ಕನ ಚೌಕಗಳ ಪ್ರಕಾರವೇ ನಡೆಯಿತು. ಬಸ್ಸು ಆಯಿತು, ಬಾಗಿಲು ಆಯಿತು. ಬೂಟೂ ಆಯಿತು. ಕೆಳಗೆ ಕತ್ತಿ ಕಟ್ಟಿದ ಆ ಬೂಟನ್ನು ಗುಂಡಿ ತಾನೇ ಕಾಲಿಗೇರಿಸಿ, ಲೇಸನ್ನು ಪ್ರತಿ ತೂತಿಗೂ ಒಂದೇ ಬಿಗಿಯಲ್ಲಿ ಎಳೆದು ಕಟ್ಟಿಕೊಂಡಳು. ಎದ್ದು ರಬ್ಬರಿನ ಮೇಲೆ ನಡೆದು ಐಸಿನ ಗೇಟಿನವರೆಗೆ ಹೋದಳು. ಮಾಮ ಬೆರಳಾಡಿಸಲು ಕೈ ಅರ್ಧ ಎತ್ತಿದ್ದ.

ಅಲ್ಲಿ ಅವಳು ನಿಂತಳು. ಕೋಟಿನ ಗುಂಡಿ ಬಿಚ್ಚಿದಳು. ಕೋಟು ತೆಗೆದು, ತೋಳುಗಳನ್ನು ಒಳಮಡಚಿ, ತಂದು ಬೆಂಚಿನ ಮೇಲಿಟ್ಟಳು. ಅದರ ಮೇಲೆ ಟೋಪಿ. ಅದರ ಮೇಲೆ ಕೈಗವಸುಗಳು. ಪಕ್ಕದಲ್ಲಿ ಕೂತಳು.

"ಏನಮ್ಮಾ, ಕೋಟು ಹಾಕ್ಕೋ. ಚಳಿಯಾಗುತ್ತೆ."

"ಹೂಂ. ಆಗ್ತಿದೆ."

"ಮತ್ತೆ ಹಾಕ್ಕೋ."

"ಹಾಕ್ಕೊಂಡ್ರೆ ಒಳಗೇ ಇರುತ್ತೆ."

ಏನು ಒಳಗೇ ಇರುತ್ತದೆ? ಮಾಮ ಕೋಟನ್ನು ಎತ್ತಿ ಝಾಡಿಸಿದ, ಜೇಬು ನೋಡಿದ, ತೋಳಿನೊಳಗೆ ಕೈ ತೂರಿಸಿದ. ಚೌಕದ ಕಾಗದ ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಹೊದಿಸಿದ. ಅವಳು ಮತ್ತೆ ತೆಗೆದಿಟ್ಟಳು. ಮುಖದಲ್ಲಿ ಹಟವಿರಲಿಲ್ಲ, ಭಯವೂ ಇರಲಿಲ್ಲ. ಡಾಕ್ಟರ ಮನೆಯಲ್ಲಿ ಸರದಿಗೆ ಕಾಯುವವರ ಮುಖವಿತ್ತು. ಸ್ವಲ್ಪ ಹೊತ್ತಿಗೆ ಅವಳು ಕೇಳಿದಳು:

"ಮಾಮ, ಬಿಡ್ತಾ?"

"ಇಷ್ಟು ಬೇಗ ಎಲ್ಲಿ ಬಿಡುತ್ತೆ? ಐದೂವರೆಗೆ ಬಿಡುತ್ತೆ," ಎಂದ ಮಾಮ. ಡ್ರೈವರನಿಗೆ ‘ಬಿಡ್ತಾ’ ಎಂದರೆ ಬಸ್ಸಲ್ಲದೆ ಇನ್ನೇನು ಹೊಳೆದೀತು.

"ಐದೂವರೆಗೇನಾ?"

"ಕರೆಕ್ಟಾಗಿ. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ."

ಗುಂಡಿ ಗೋಡೆಯ ಗಡಿಯಾರ ನೋಡಿದಳು. ನಾಲ್ಕು ಹದಿನೈದು. ಅವಳ ಹುಬ್ಬು ಗಂಟಿಕ್ಕಿತು. ತುಟಿಯಲ್ಲೇ ಏನೋ ಎಣಿಸಿದಳು. ಆಮೇಲೆ, "ಸರಿ ಬರಲ್ಲ," ಎಂದಳು. ಸ್ವಲ್ಪ ಬಿಟ್ಟು ಮತ್ತೆ, "ಸರಿ ಬರಲ್ಲ."

 ಐಸು ತನಗೆ ಸರಿಬರುವುದಿಲ್ಲ ಎಂದು ಮಗು ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು ಉಳಿಯಿತು? ಆದರೂ ಅಕ್ಕನ ನಲ್ಲಿಯ ಸದ್ದು ಕಿವಿಯಲ್ಲಿತ್ತು. ಸುಮ್ಮನೆ ಸೋಲೊಪ್ಪಲು ಮಾಮನಿಗೆ ಮನಸ್ಸಾಗಲಿಲ್ಲ. ಹಸಿರು ಕೋಟಿನ ಮೇಡಂ ಬಳಿ ಹೋಗಿ ಹೇಳಿಕೊಂಡ.

ಮೇಡಂ ಬಂದು, ಗುಂಡಿಯ ಮುಂದೆ ಅಲ್ಲ, ಪಕ್ಕಕ್ಕೆ ಮಂಡಿಯೂರಿ ಕೂತು ಕೋಟು ನೋಡಿದರು. "ಒಳಗಿನ ಹೊಲಿಗೆ ಚುಚ್ಚುತ್ತಿರಬಹುದು. ಬಹಳ ಮಕ್ಕಳಿಗೆ ಹಾಗಾಗುತ್ತೆ. ಲೇಬಲ್ ಇದ್ರೆ ಕತ್ತರಿಸಿ."

"ಲೇಬಲ್ ಎಲ್ಲಿಂದ ಬರಬೇಕು ಮೇಡಂ, ಅವರಮ್ಮನೇ ಹೊಲಿದದ್ದು. ಎಲ್ಲ ಹೊಲಿಗೆಯೂ ಹೊರಗಡೆಗೇ ಇದೆ ನೋಡಿ. ಇವಳಿಗೋಸ್ಕರ ಹಾಗೆ."

"ಹೌದಲ್ಲ," ಎಂದರು ಮೇಡಂ, ಹೊಲಿಗೆಯ ಮೇಲೆ ಬೆರಳಾಡಿಸಿ. "ಹಾಗಾದ್ರೆ ದೀಪ?"

ಗೇಟಿನ ಪಕ್ಕದ ದೀಪವನ್ನೂ ಆರಿಸಿದರು. ಗುಂಡಿ ಮಿಸುಕಲಿಲ್ಲ. ಗೇಟಿನಾಚೆ ಒಬ್ಬ ಅಜ್ಜ ತನ್ನ ದೊಡ್ಡ ಯಂತ್ರದ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನಿಂದ ಬಿಸಿ ಬಿಸಿ ಚಹಾ ಹೀರುತ್ತಿದ್ದ. ಐಸು ಗೀರುಬಿದ್ದಾಗ ಅದನ್ನು ಕೆರೆದು ನೀರು ಹಾಯಿಸಿ ಮತ್ತೆ ನುಣುಪು ಮಾಡುವ ಯಂತ್ರ ಅದು. ಸದ್ದಿಲ್ಲದ ಗಂಟೆಯಲ್ಲಿ ಅದನ್ನು ಶುರುಮಾಡುವಂತಿರಲಿಲ್ಲ.

"ಇಪ್ಪತ್ತು ವರ್ಷದಿಂದ ಈ ಅಂಗಳ ಸಾರಿಸ್ತಿದೀನಿ," ಎಂದ ಅಜ್ಜ. "ನನ್ನ ಕೇಳಿದ್ರೆ ಅದು ವಾಸನೆ. ಯಂತ್ರದ ಎಣ್ಣೆ ವಾಸನೆ ಆಗಲ್ಲ ಅದಕ್ಕೆ."

"ವಾಸನೆ ಆಗಲ್ವಾ ಗುಂಡಿ?" ಎಂದ ಮಾಮ.

"ಚೆನ್ನಾಗಿದೆ," ಎಂದಳು ಗುಂಡಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಸರಿ ಬರಲ್ಲ."

ವಾಸನೆ ಚೆನ್ನಾಗಿದೆ, ಹೊಲಿಗೆ ಚುಚ್ಚುವುದಿಲ್ಲ, ದೀಪ ಕಣ್ಣಿಗೆ ಬಡಿಯುವುದಿಲ್ಲ, ಸದ್ದಂತೂ ಇಲ್ಲವೇ ಇಲ್ಲ, ಆದರೂ ಸರಿಬರುವುದಿಲ್ಲ. ಹೋಗಲಿ ಎಂದರೆ ಕಣ್ಣು ಐಸಿನಿಂದ ಆಚೆ ಸರಿಯುತ್ತಿರಲಿಲ್ಲ. ಮಾಮನಿಗೆ ತಾನು ಕುರುಡರ ಗುಂಪಿನೊಳಗಿದ್ದು ಆನೆಯ ಒಂದೊಂದು ಕಾಲು ತಡವುತ್ತಿದ್ದಂತೆ ಅನ್ನಿಸಿತು. ಆದರೆ ಆ ಆನೆಯೂ ಗಾದೆಯ ಪೈಕಿಯೇ ಆದ್ದರಿಂದ ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಮೇಡಂ ತಂದುಕೊಟ್ಟ ಕಂಬಳಿಯನ್ನು ಗುಂಡಿ ಮಡಚಿ ಕೋಟಿನ ಕೆಳಗಿಟ್ಟಳು.

ನಾಲ್ಕು ನಲವತ್ತಕ್ಕೆ ಅಕ್ಕನ ಫೋನು ಬಂತು. ಮಾಮ ದೂರ ಸರಿದು ಎತ್ತಿದ.

"ಕಾಲಿಟ್ಟಳಾ?"

"ಇಡ್ತಾಳೆ."

"ಇಟ್ಟಳಾ ಅಂತ ಕೇಳಿದ್ದು."

"ಬೂಟು ಹಾಕ್ಕೊಂಡಿದಾಳೆ."

ಆಚೆ ಕಡೆ ಹೊಲಿಗೆ ಯಂತ್ರ ನಿಂತಿತು. ಆಮೇಲೆ ಅಕ್ಕ ಮೆಲ್ಲಗೆ, "ಅಳ್ತಿದಾಳಾ?" ಎಂದಳು.

"ಇಲ್ಲ. ನಡುಗ್ತಿದಾಳೆ. ಕೋಟು ಹಾಕ್ಕೊಳ್ತಿಲ್ಲ."

"ಯಾಕೆ?"

"ನನಗೇನು ಗೊತ್ತು ಅಕ್ಕ. ದೇವರಾಣೆ ಒಂದು ಗಾದೆನೂ ಹೇಳಿಲ್ಲ ನಾನು."

"ಕರ್ಕೊಂಡು ಬಂದ್ಬಿಡು," ಎಂದಳು ಅಕ್ಕ. "ಸಾಕು. ಇನ್ನು ಬೇಡ. ಅಲ್ಲಿರೋರಿಗೆ ನಮ್ಮ ಹೆಸರು ತೆಗೀರಿ ಅಂತ ಹೇಳಿ ಬಾ."

ಮಾಮ ಬೆಂಚಿಗೆ ಮರಳಿದ. ರಬ್ಬರಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳ ಬೂಟಿನ ಲೇಸಿಗೆ ಕೈ ಹಾಕಿದ. ಗುಂಡಿ ಕಾಲನ್ನು ಸರಕ್ಕನೆ ಹಿಂದೆಳೆದುಕೊಂಡಳು. ಅವನು ಬಿಚ್ಚಿದ್ದ ಒಂದು ಗಂಟನ್ನು ಮತ್ತೆ ಕಟ್ಟಿಕೊಂಡಳು, ಬೆರಳು ಚಳಿಗೆ ಸೆಟೆದು ಎರಡು ಸಲ ತಪ್ಪಿತು, ಮೂರನೇ ಸಲ ಕಟ್ಟಿಯೇ ಬಿಟ್ಟಳು.

ಈಗ ಮಾಮನಿಗೆ ತಲೆಯೂ ತಿಳಿಯಲಿಲ್ಲ, ಬಾಲವೂ ತಿಳಿಯಲಿಲ್ಲ. ಬೇಡವಾದರೆ ಬೂಟು ಯಾಕೆ ಬೇಕು? ಬೇಕಾದರೆ ಸರಿಬರುವುದಿಲ್ಲ ಎನ್ನುವುದು ಯಾಕೆ? ಅವನು ನೆಲದ ಮೇಲೆಯೇ ಪೂರ್ತಿ ಕೂತುಬಿಟ್ಟ. ಇಪ್ಪತ್ತೆರಡು ವರ್ಷ ಊರಿನವರ ಜೊತೆಗೆಲ್ಲ ಮಾತಾಡಿದ ಬಾಯಿಗೆ ಆ ಹೊತ್ತಿನಲ್ಲಿ ಒದಗಿದ್ದು ಒಂದು ಖಾಲಿ ಪ್ರಶ್ನೆ. 

"ಗುಂಡಿ, ನನಗೆ ಅರ್ಥ ಆಗ್ತಿಲ್ಲ. ಏನು ಸರಿ ಬರಲ್ಲ?"

ಅವಳು ಅವನನ್ನು ನೋಡಲಿಲ್ಲ, ಗಡಿಯಾರ ನೋಡಿದಳು. "ಟೈಮು."

"ಯಾವ ಟೈಮು?"

"ಐಸ್ ಐದಕ್ಕೆ ಮುಗಿಯುತ್ತೆ. ಅದು ಐದೂವರೆಗೆ ಬಿಡುತ್ತೆ ಅಂದೆ. ಬಿಟ್ಟ ಮೇಲೆ ಆಡಬೇಕು. ಆಗ ಐಸ್ ಇರಲ್ಲ. ಸರಿ ಬರಲ್ಲ."

"ಬಸ್ಸು ಬಿಟ್ಟ ಮೇಲೆ ಹೇಗೆ ಆಡ್ತೀಯಾ?"

"ಬಸ್ಸಲ್ಲ." ಗುಂಡಿಯ ದನಿಯಲ್ಲಿ ಮೊದಲ ಬಾರಿಗೆ ದಡ್ಡರ ಜೊತೆ ಏಗುವವರ ಆಯಾಸ ಕಂಡಿತು. "ಚಳಿ."

"ಯಾವ ಚಳಿ?"

"ಮೈದು. ಮೈಚಳಿ ಬಿಟ್ಟು ಆಡಬೇಕು ಅಂದೆ. ಬಾಗಿಲಲ್ಲಿ. ಕೋಟು ಹಾಕ್ಕೊಂಡ್ರೆ ಹೊರಗೆ ಹೋಗಲ್ಲ ಅಂತ ಬಿಚ್ಚಿದೆ. ಇನ್ನೂ ಬಿಟ್ಟಿಲ್ಲ. ಜಾಸ್ತಿ ಆಗ್ತಿದೆ."

ಮಾಮ ಹಣೆ ಚಚ್ಚಿಕೊಂಡ.   ಗಾದೆಗಳನ್ನೆಲ್ಲ ಬಾಗಿಲಲ್ಲೇ ತಡೆದು ನಿಲ್ಲಿಸಿದವನು ಇದೊಂದನ್ನು ಕೈ ಹಿಡಿದು ಒಳಗೆ ಕರೆತಂದಿದ್ದ. ಅದು ಗಾದೆಯೆಂದೂ ಅವನಿಗೆ ಅನ್ನಿಸಿರಲಿಲ್ಲ, ಬರೀ ಮಾತು ಎಂದುಕೊಂಡಿದ್ದ.

"ಅಯ್ಯೋ, ಅದು ಸುಮ್ಮನೆ ಹಾಗಂತಾರೆ ಕಣೇ."

"ಸುಳ್ಳಾ?"

ಸುಳ್ಳೇ? ಮಾಮ ತಬ್ಬಿಬ್ಬಾದ. ಸುಳ್ಳು ಎಂದರೆ ನಾಳೆಯಿಂದ ತನ್ನ ಯಾವ ಮಾತನ್ನು ಅವಳು ನಂಬಿಯಾಳು? ನಿಜ ಎಂದರೆ ಐದೂವರೆಯವರೆಗೆ ಇಲ್ಲೇ ಹೆಪ್ಪುಗಟ್ಟಿ ಕೂತಾಳು. ಊರೆಲ್ಲ ಆಡುವ ಮಾತು, ಅಪ್ಪ ಆಡಿದ್ದು, ಅಜ್ಜಿ ಆಡಿದ್ದು. ಅದು ಸುಳ್ಳೋ ನಿಜವೋ ಎಂದು ಇವತ್ತಿನವರೆಗೆ ಯಾರೂ ಅವನನ್ನು ನಿಲ್ಲಿಸಿ ಕೇಳಿರಲಿಲ್ಲ. ಗಡಿಯಾರ ನಾಲ್ಕು ನಲವತ್ತೊಂಬತ್ತು ತೋರಿಸುತ್ತಿತ್ತು.

"ಸುಳ್ಳಲ್ಲ," ಎಂದ ಕೊನೆಗೆ, ಒಂದೊಂದೇ ಪದವನ್ನು ಮುಟ್ಟಿ ನೋಡಿ ಇಡುತ್ತ. "ತಪ್ಪು. ಮಾಮ ತಪ್ಪು ಹೇಳಿದೆ. ಬಸ್ಸು ಐದೂವರೆಗೆ ಬಿಡುತ್ತೆ. ಚಳಿ ಬಿಡಲ್ಲ. ಚಳಿ ಇರುತ್ತೆ. ಕೋಟು ಹಾಕ್ಕೊಂಡು ಐಸ್ ಮೇಲೆ ಹೋಗಬಹುದು. ಈಗಲೇ ಹೋಗಬಹುದು."

"ಚಳಿ ಇದ್ರೂ?"

"ಇದ್ರೂ."

"ಜೊತೆಗೇ ಬರುತ್ತಾ?"

"ಜೊತೆಗೇ ಬರುತ್ತೆ."

ಗುಂಡಿ ಯೋಚಿಸಿದಳು. ಅವಳು ಯೋಚಿಸುವುದೆಂದರೆ ಒಳಗೆಲ್ಲೋ ಗುಂಡಿಗಳು ಬಣ್ಣದ ಪ್ರಕಾರ ಸಾಲಾಗುವುದು. ಅವಸರ ಮಾಡಿದರೆ ಎಲ್ಲ ಚೆಲ್ಲಿಹೋಗುತ್ತದೆ.  ಗಡಿಯಾರದ ಮುಳ್ಳು ಎರಡು ಸಲ ಜಿಗಿಯಿತು. ಅವಳು ಕೋಟು ತೆಗೆದುಕೊಂಡು ಒಂದು ತೋಳು ಹಾಕಿಕೊಂಡಳು.

"ಹೋದ ವಾರವೂ ಹೀಗೇನಾ?" ಮಾಮನಿಗೆ ತಟ್ಟನೆ ಹೊಳೆಯಿತು. "ಅಮ್ಮನೂ ಏನಾದ್ರೂ ಹೇಳಿದ್ಲಾ?"

"ಅಮ್ಮ ‘ನಿನ್ನಿಷ್ಟ’ ಅಂದ್ಲು."

"ಅದಕ್ಕೆ?"

"ಇಷ್ಟ ಆಯ್ತು. ಕೂತ್ಕೊಂಡು ನೋಡಿದೆ." ಎರಡನೇ ತೋಳು. "ಪೂರ್ತಿ ಇಷ್ಟ ಆಯ್ತು."

ಅವಳು ಎದ್ದು ಗೇಟಿಗೆ ಹೋದಳು, ಒಂದು ಕಾಲನ್ನು ಐಸಿನ ಮೇಲಿಟ್ಟಳು, ಇನ್ನೊಂದನ್ನೂ ಇಟ್ಟಳು. ನಿಂತಳು. ಬೀಳಲಿಲ್ಲ. ಹೊಲಿಗೆ ಕೋಣೆಯಲ್ಲಿ ಬಟ್ಟೆ ಚೂರಿನ ಮೇಲೆ ಹೇಗೋ ಹಾಗೆಯೇ ಪಾದ ಎತ್ತದೆ ತಳ್ಳಿದಳು. ಒಂದು ಗೇಣು ಮುಂದೆ. ಕಟಾಂಜನ ಹಿಡಿದುಕೊಂಡು ಇನ್ನೊಂದು ಗೇಣು. ಹಸಿರು ಕೋಟಿನ ಮೇಡಂ ದೂರದಿಂದ ಎರಡೂ ಕೈ ಎತ್ತಿ ಬೆರಳಾಡಿಸಿದರು. ಯಂತ್ರದ ಅಜ್ಜ ಒಂದು ಕೈಯಲ್ಲಿ ಫ್ಲಾಸ್ಕಿದ್ದುದರಿಂದ ಒಂದೇ ಕೈ ಎತ್ತಿದ. ಮಾಮನಿಗೆ ಕೈ ಎತ್ತಲು ನೆನಪಾಗಲಿಲ್ಲ. ಅವನು ಆ ‘ಪೂರ್ತಿ ಇಷ್ಟ ಆಯ್ತು’ ಎಂಬಲ್ಲೇ ಸಿಕ್ಕಿಕೊಂಡು ನಿಂತಿದ್ದ. ಮಗು ಸುಖವಾಗಿ ಕೂತು ನೋಡಿದ ಆ ಒಂದು ಗಂಟೆಗೆ ಅಕ್ಕ ಮನೆಯ ಪಾತ್ರೆಯೆಲ್ಲ ತೊಳೆದಿದ್ದಳಲ್ಲ.

ಎಂಟು ನಿಮಿಷ ಜಾರಿದಳು ಗುಂಡಿ. ಅಂಗಳದ ಒಂದು ಬದಿಯ ಮುಕ್ಕಾಲು ಭಾಗ ಮುಗಿದಿತ್ತು. ಗಡಿಯಾರ ಐದು ತೋರಿಸಿದ್ದೇ, ಯಾರೂ ಹೇಳದೆ, ಬಂದ ದಾರಿಯನ್ನೆಲ್ಲ ಅಷ್ಟೇ ನಿಧಾನವಾಗಿ ಹಿಂದಕ್ಕೆ ಜಾರಿ ಗೇಟಿಗೆ ಬಂದಳು. ಅಷ್ಟರಲ್ಲಿ ಐದೂ ಐದಾಗಿತ್ತು. ಅವಳು ಬರುವವರೆಗೆ ಮೇಡಂ ದೀಪ ಹಾಕಲಿಲ್ಲ, ಅಜ್ಜ ಯಂತ್ರ ಶುರುಮಾಡಲಿಲ್ಲ. ಹೆಸರು ತೆಗೆಯಿರಿ ಎಂದು ಹೇಳಿ ಬರಬೇಕಿತ್ತಲ್ಲವೇ? ಮಾಮ ಮೇಡಂ ಮುಂದೆ ನಿಂತು, "ಹೆಸರು…" ಎಂದ.

"ಯಾರ ಹೆಸರು?" ಎಂದರು ಮೇಡಂ.

"ಗುಂಡಿ," ಎಂದಳು ಗುಂಡಿ. "ಅಂಗಿಯದು. ರಸ್ತೆಯದಲ್ಲ."

ಮೇಡಂ ಪುಸ್ತಕದ ಮೇಲೆ ಪೆನ್ನು ಆಡಿಸಿದರು. ಹೊಡೆದುಹಾಕಿದರೋ ಬರೆದುಕೊಂಡರೋ ಮಾಮನಿಗೆ ಕಾಣಿಸಲಿಲ್ಲ. ಕೇಳಲೂ ಇಲ್ಲ.

ಮನೆಯಲ್ಲಿ ಅಕ್ಕ ಮೊದಲು ನೋಡಿದ್ದು ತಮ್ಮನ ಮುಖ. ಅಲ್ಲಿ ಏನೂ ಓದಲಾಗದೆ ಮಗಳ ಕಾಲು ನೋಡಿದಳು.

"ಎಂಟು ನಿಮಿಷ," ಎಂದ ಮಾಮ. "ವಾಪಸು ಬಂದದ್ದೂ ಸೇರಿದ್ರೆ ಹದಿಮೂರು."

ಅಕ್ಕ ಸ್ಟೂಲಿನಿಂದ ಕಾಲಿಳಿಸಿದಳು. ನೋವಾಯಿತೆಂದು ಮತ್ತೆ ಮೇಲಿಟ್ಟಳು. ಮಾಮ ಮೈಚಳಿಯ ಕತೆಯನ್ನು ತನ್ನ ತಪ್ಪನ್ನು ಬಿಡದೆ ಹೇಳಿದ. ಅಕ್ಕ ಬೈಯಲು ಸಿದ್ಧವಾಗಿ ಕೇಳುತ್ತಿದ್ದವಳು ‘ನಿನ್ನಿಷ್ಟ’ ಬಂದಾಗ ಮಗಳ ಕಡೆ ತಿರುಗಿದಳು. ಗುಂಡಿ ಆಗಲೇ ಬಟ್ಟೆ ಚೂರುಗಳನ್ನು ಕಾಲಡಿಗೆ ಇಟ್ಟುಕೊಂಡಿದ್ದಳು.

"ಗುಂಡಿ, ಆ ವಾರ ನಿನಗೆ ಇಷ್ಟ ಆಗಿತ್ತಾ? ಕೂತಿದ್ದು?"

"ಹೂಂ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಪಾತ್ರೆ ತೊಳೀತಿದ್ದೆ."

ಅಕ್ಕ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮೊದಲನೇ ವಾರ? ಬಾಗಿಲಿಂದ ವಾಪಸು ಬಂದೆಯಲ್ಲ, ಅದು?"

ಗುಂಡಿ ಗೋಡೆಯವರೆಗೆ ಜಾರಿ ಹೋಗಿ ಬಂದಳು. "ಅದು ಗೊತ್ತಿಲ್ಲ."

"ಯಾರಿಗೆ?"

"ನನಗೂ."

 ಅಕ್ಕ ತಮ್ಮ ಇಬ್ಬರೂ ಮಿಕಿಮಿಕಿ ನೋಡಿದರು. ಆಮೇಲೆ ಅಕ್ಕ ಕ್ಯಾಲೆಂಡರನ್ನು ಎಳೆದುಕೊಂಡು ಮುಂದಿನ ಶನಿವಾರದ ಮನೆಯಲ್ಲಿ ‘ನಾಲ್ಕು’ ಎಂದು ಬರೆದಳು. ಅದರ ಮುಂದಿನ ಶನಿವಾರದಲ್ಲೂ ಬರೆದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದದ್ದರಿಂದ ಸರಿಯಾಗಿ ಮೂಡಲಿಲ್ಲ. ಪೆನ್ನು ಹುಡುಕಿ ಮೇಲೆ ತಿದ್ದಿದಳು.

"ಮುಂದಿನ ವಾರ ಕೂರ್ತೀಯಾ, ಜಾರ್ತೀಯಾ?"

"ಅರ್ಧ ಗಂಟೆ ಕೂರೋದು. ಅರ್ಧ ಗಂಟೆ ಜಾರೋದು."

"ನಾನು ಬರಲಾ, ಮಾಮ ಬರಲಾ?"

"ಬಸ್ಸಲ್ಲಿ ಒಂದು ಸಾಲಿಗೆ ಎರಡು ಸೀಟು," ಎಂದು ಹೇಳಿ ಗುಂಡಿ ಜಾರುತ್ತ ಜಾರುತ್ತ ಬಾಗಿಲು ದಾಟಿ ಪಕ್ಕದ ಕೋಣೆಗೆ ಹೋದಳು.

"ಅಂದ್ರೆ ಅವಳು, ನಾನು," ಎಂದಳು ಅಕ್ಕ.

"ಅವಳು, ನಾನು ಅಂತಲೂ ಆಗಬಹುದು."

"ಇಲ್ಲಾ, ನೀವಿಬ್ಬರೂ ಒಟ್ಟಿಗೆ ಕೂತ್ಕೊಳ್ಳಿ, ನಾನು ಬೇರೆ ಕೂರ್ತೀನಿ ಅಂತಲಾ?"

"ನನ್ನ ಕೇಳಬೇಡ ಅಕ್ಕ, ಇವತ್ತು ನನಗೆ ಕನ್ನಡವೇ ಬರ್ತಿಲ್ಲ. ಅವಳನ್ನೇ ಕೇಳು."

ಅಕ್ಕ ಕುತ್ತಿಗೆ ಚಾಚಿ, ಬಹಳ ದಿನದಿಂದ ಇಲ್ಲದಿದ್ದ ಒಂದು ಹಗುರ ದನಿಯಲ್ಲಿ ಕರೆದಳು. "ಗುಂಡೀ, ಒಂದು ನಿಮಿಷ ಬಾಮ್ಮಾ."

ಪಕ್ಕದ ಕೋಣೆಯಲ್ಲಿ ಜಾರುವ ಸದ್ದು ನಿಂತಿತು.

"ಒಂದು ನಿಮಿಷ ಬಿಟ್ಟು ಬರಬೇಕಾ," ಎಂದು ಕೇಳಿದಳು ಗುಂಡಿ, "ಒಂದು ನಿಮಿಷ ಬಂದು ಹೋಗಬೇಕಾ?"